ಹಡಗು ಹತ್ತುವ ದಿನ
(ಬಾನುಲಿ ಭಾಷಣ)

ಪ್ರವಾಸದ ವಿಷಯವಾಗಿ ನಮ್ಮಲ್ಲಿ ಬರೆವಣಿಗೆಗೆ ಕೊರತೆಯಿಲ್ಲ. ಹೋದ ಊರು, ಕಂಡ ಕಡಲು, ಸುತ್ತಿದ ಗುಡಿ, ಅಲ್ಲಿನ ಜನರ ನಡೆನುಡಿ ಇವೆಲ್ಲ ನಮ್ಮ ಪ್ರವಾಸಕಥನಗಳಲ್ಲಿ ವಿವರವಾಗಿ ಬರುತ್ತವೆ. ಹೊರಡುವ ದಿನ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಪೆಟ್ಟಿಗೆಯ ದಿನ, ಗಡಿಬಿಡಿಯ ದಿನ, ಮರೆತುಹೋದ ಕನ್ನಡಕದ ದಿನ. ಊರು ತಲಪಿದ ಮೇಲೆ ನಾವು ಮೊದಲು ಮರೆಯುವುದು ಈ ದಿನವನ್ನೇ.

ರೈಲು, ಬಸ್ಸುಗಳ ಮಟ್ಟಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಹಡಗಿನ ಪ್ರಯಾಣದಲ್ಲಿ ಹಾಗಲ್ಲ. ಅಲ್ಲಿ ಮನೆ ಬಿಡುವುದಕ್ಕೂ ಹಡಗು ಹಗ್ಗ ಬಿಚ್ಚುವುದಕ್ಕೂ ನಡುವೆ ಒಂದು ಇಡೀ ಹಗಲು ಇರುತ್ತದೆ. ಆ ಹಗಲನ್ನು ಹೇಗೆ ಕಳೆಯಬೇಕೆಂಬುದೇ ಇಂದಿನ ನನ್ನ ಮಾತಿನ ವಿಷಯ. ಪ್ರಶ್ನೆಗಳು ಬಹಳ ಸಣ್ಣವು. ಬಂದರಿಗೆ ಎಷ್ಟು ಹೊತ್ತಿಗೆ ಹೋಗಬೇಕು? ಮಧ್ಯಾಹ್ನದ ಊಟವನ್ನು ಎಲ್ಲಿ ಮಾಡಬೇಕು? ಇಷ್ಟು ಸಣ್ಣ ಪ್ರಶ್ನೆಗಳಿಗೆ ಬಾನುಲಿಯ ಸಮಯವನ್ನು ವ್ಯಯಿಸಬೇಕೆ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಮನೆಯ ಹಿರಿಯರ ಆರೋಗ್ಯ, ಒಮ್ಮೊಮ್ಮೆ ಪ್ರಾಣ ಕೂಡ, ಇಂಥ ಸಣ್ಣ ಪ್ರಶ್ನೆಗಳಿಗೇ ಗಂಟುಬಿದ್ದಿರುತ್ತದೆ. ಇವೆರಡರ ಜೊತೆಗೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರೇ ಕಡಿಮೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಡಲ ವಿಹಾರವೆಂಬುದು ನಮ್ಮಲ್ಲಿ ಬಹುಕಾಲ ಸಾಹೇಬರ ವಿಲಾಸವೆಂದೇ ಎಣಿಕೆಯಾಗಿತ್ತು. ಈಗ ಹಾಗಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ವಿಹಾರ ನೌಕೆಯ ಸಂಚಾರ ಆರಂಭವಾದಂದಿನಿಂದ ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ನಿವೃತ್ತ ಉಪಾಧ್ಯಾಯರೂ ಬ್ಯಾಂಕಿನವರೂ ಅದರಲ್ಲಿ ಕಾಣಿಸಿಕೊಳ್ಳತೊಡಗಿದ್ದಾರೆ. ಬಹುಮಟ್ಟಿಗೆ ಇದು ಮಕ್ಕಳು ತಂದೆತಾಯಿಗೆ ಕೊಡುವ ಉಡುಗೊರೆ. 2025ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಂದರಿನ ಹೊಸ ಪ್ರಯಾಣಿಕ ನಿಲ್ದಾಣವೂ ಉದ್ಘಾಟನೆಯಾಯಿತು. ಪ್ರಯಾಣಿಕರ ತಪಾಸಣೆಗೆಂದೇ ಅದರಲ್ಲಿ 72 ಕಟ್ಟೆಗಳಿವೆ. ಈ ಬಂದರಿನಿಂದ ನಾನೂ ನನ್ನ ಮನೆಯವರೂ ಒಮ್ಮೆ ಪ್ರಯಾಣ ಮಾಡಿದ್ದೇವೆ. ಬಂಧುಗಳನ್ನು ಬೀಳ್ಕೊಡಲೆಂದು ಎರಡು ಬಾರಿ ಹೋಗಿದ್ದೇನೆ. ಲೋಕದ ಎಲ್ಲ ಬಂದರುಗಳ ಮಾತನ್ನೂ ಆಡುವ ಬದಲು, ಬಲ್ಲ ಈ ಒಂದು ಬಂದರನ್ನೇ ಹಿಡಿದು ಮಾತನಾಡುವುದು ಲೇಸು.

ಮೊದಲು ಹಡಗಿನ ದಿನಚರಿಯನ್ನು ತಿಳಿಯಬೇಕು. ಹಡಗು ಹತ್ತುವ ದಿನ ನಮ್ಮ ಪಾಲಿಗೆ ಪ್ರಯಾಣದ ಮೊದಲ ದಿನ. ಹಡಗಿನ ಪಾಲಿಗೆ ಅದು ಹಿಂದಿನ ಪ್ರಯಾಣದ ಕೊನೆಯ ದಿನವೂ ಹೌದು. ವಿಹಾರ ನೌಕೆ ಸಾಮಾನ್ಯವಾಗಿ ನಸುಕಿನಲ್ಲಿ ಬಂದರು ಸೇರುತ್ತದೆ. ಹಿಂದಿನ ಸಲದ ಪ್ರಯಾಣಿಕರು ಬೆಳಗಿನ ಉಪಾಹಾರ ಮುಗಿಸಿ ಇಳಿಯುತ್ತಾರೆ. ಅವರು ಇಳಿದ ಮೇಲೆ, ಹೊಸಬರು ಏರುವುದಕ್ಕೆ ಮೊದಲು, ಕೆಲವೇ ಗಂಟೆಗಳಲ್ಲಿ ನೂರಾರು ಕೋಣೆಗಳನ್ನು ಗುಡಿಸಿ ಒರೆಸಿ ಹಾಸಿಗೆಯ ಹೊದಿಕೆಗಳನ್ನು ಬದಲಿಸಬೇಕು. ಅಕ್ಕಿ, ತರಕಾರಿ, ಹಾಲುಗಳನ್ನು ಒಳಗೆ ಸಾಗಿಸಬೇಕು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಎಷ್ಟು ಬೇಗ ಹೋದರೂ ಹಡಗು ನಮ್ಮನ್ನು ಬೆಳಗ್ಗೆಯೇ ಒಳಗೆ ಕರೆದುಕೊಳ್ಳಲಾರದು. ಒಳಗೆ ಹೋದ ಕೂಡಲೇ ನಮ್ಮ ಕೋಣೆ ನಮಗೆ ಸಿಕ್ಕೀತೆಂಬ ಭರವಸೆಯೂ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಕೋಣೆ ತೆರೆಯುತ್ತದೆ. ಬಾಗಿಲಲ್ಲಿ ಒಪ್ಪಿಸಿದ ಪೆಟ್ಟಿಗೆ ಸಂಜೆಯ ಹೊತ್ತಿಗೆ ಬರುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ಉತ್ತರ ಎರಡು ಭಾಗದ್ದು. ಮುಂಬಯಿಗೆ ಹಿಂದಿನ ದಿನವೇ ತಲಪಬೇಕು. ಬಂದರಿಗೆ ಗೊತ್ತುಪಡಿಸಿದ ಗಂಟೆಗೆ ಹೋಗಬೇಕು.

ಮೊದಲನೆಯದನ್ನು ನಮ್ಮ ಜನ ಬೇಗ ಒಪ್ಪುವುದಿಲ್ಲ. ಒಂದು ರಾತ್ರಿಯ ವಸತಿಯ ಖರ್ಚು ಕಣ್ಣಿಗೆ ಕಾಣುತ್ತದೆ; ರೈಲು ತಡವಾಗುವ ಸಂಭವ ಕಾಣುವುದಿಲ್ಲ. ಹಿಂದೊಮ್ಮೆ ಇದೇ ಬಲ್ಲಾರ್ಡ್ ಪಿಯರ್‌ನಲ್ಲಿ ರೈಲಿಗೂ ಹಡಗಿಗೂ ನಂಟಿತ್ತು. ಹಡಗು ನಿಲ್ಲುವ ಜಾಗದ ಪಕ್ಕದಲ್ಲೇ ಮೋಲ್ ಸ್ಟೇಷನ್ ಎಂಬ ರೈಲು ನಿಲ್ದಾಣವಿತ್ತು. ಪೆಶಾವರದ ಕಡೆಗೆ ಓಡುತ್ತಿದ್ದ ಪಂಜಾಬ್ ಲಿಮಿಟೆಡ್, 1928ರಲ್ಲಿ ಆರಂಭವಾದ ಫ್ರಂಟಿಯರ್ ಮೇಲ್ ಮುಂತಾದ ಗಾಡಿಗಳು ವಿಲಾಯತಿಯ ಅಂಚೆಯನ್ನೂ ಪ್ರಯಾಣಿಕರನ್ನೂ ಅಲ್ಲಿಂದಲೇ ಒಯ್ಯುತ್ತಿದ್ದವು. ಅಂಚೆ ತಪ್ಪಬಾರದೆಂಬ ಕಟ್ಟಳೆ ಇದ್ದುದರಿಂದ ರೈಲಿನ ವೇಳೆಗೆ ಹಡಗೂ ಹಡಗಿನ ವೇಳೆಗೆ ರೈಲೂ ಹೊಂದಿಕೊಂಡಿದ್ದವು. ಆ ನಿಲ್ದಾಣ ಈಗಿಲ್ಲ, ಆ ನಂಟೂ ಇಲ್ಲ. ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಎರಡು ಗಂಟೆ ತಡವಾಗಿ ಬಂದರೆ ಹಡಗಿಗೆ ಅದರ ಪರಿವೆಯಿಲ್ಲ. ಬೆಂಗಳೂರಿನ ವಿಮಾನ ಮಂಜಿನಲ್ಲಿ ಸಿಕ್ಕಿಬಿದ್ದರೂ ಅಷ್ಟೆ.

ಹಡಗು ಯಾರಿಗಾಗಿಯೂ ಏಕೆ ಕಾಯುವುದಿಲ್ಲ ಎಂಬುದನ್ನೂ ಒಂದಿಷ್ಟು ತಿಳಿದುಕೊಳ್ಳಬೇಕು. ಇದು ಕಂಪನಿಯವರ ಗರ್ವವಲ್ಲ. ದೊಡ್ಡ ಹಡಗು ಬಂದರು ಬಿಡುವಾಗ ಆ ಬಂದರಿನ ಆಳ ಅಗಲಗಳನ್ನು ಬಲ್ಲ ಪೈಲಟ್ ಹಡಗನ್ನು ಏರಿ ದಾರಿ ತೋರಿಸಬೇಕು. ಹಡಗನ್ನು ದೂಡುವ, ಎಳೆಯುವ ಟಗ್ ದೋಣಿಗಳು ಆ ಹೊತ್ತಿಗೆ ಸಿದ್ಧವಾಗಿರಬೇಕು. ಮುಂಬಯಿಯ ದೊಡ್ಡ ಉಬ್ಬರದಲ್ಲಿ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರಿ ಇಳಿಯುತ್ತದೆ. ಒಂದು ಹಡಗು ತೆರವು ಮಾಡಿದ ಜಾಗಕ್ಕೆ ಇನ್ನೊಂದು ಬರುವುದಿರುತ್ತದೆ. ಇದಲ್ಲದೆ, ಹಡಗಿನಲ್ಲಿ ಯಾರು ಯಾರಿದ್ದಾರೆಂಬ ಅಂತಿಮ ಪಟ್ಟಿ ಹೊರಡುವುದಕ್ಕೆ ಮೊದಲೇ ಅಧಿಕಾರಿಗಳಿಗೆ ಸಲ್ಲಬೇಕು. ಆದ್ದರಿಂದಲೇ ಹೊರಡುವ ಗಂಟೆ ಐದು ಎಂದು ಟಿಕೆಟ್ಟಿನಲ್ಲಿದ್ದರೆ ಬಾಗಿಲು ಮುಚ್ಚುವ ಗಂಟೆ ಐದಲ್ಲ. ಒಂದು ಗಂಟೆ, ಒಂದೂವರೆ ಗಂಟೆ, ಕೆಲವೆಡೆ ಎರಡು ಗಂಟೆ ಮೊದಲೇ ಮುಚ್ಚುತ್ತದೆ. ಟಿಕೆಟ್ಟಿನಲ್ಲಿ ಮೊದಲು ಹುಡುಕಿ ಓದಬೇಕಾದದ್ದು ಈ ಮುಚ್ಚುವ ಗಂಟೆಯನ್ನು.

ಇನ್ನು ಬಂದರಿಗೆ ಹೋಗುವ ಹೊತ್ತು. ಈಗ ಹೆಸರು ನೋಂದಾಯಿಸುವಾಗಲೇ ಪ್ರತಿಯೊಂದು ಕುಟುಂಬಕ್ಕೂ ಇಂತಿಷ್ಟು ಹೊತ್ತಿಗೆ ಬರಬೇಕೆಂದು ಗಂಟೆ ಗೊತ್ತುಪಡಿಸುತ್ತಾರೆ. ನಮ್ಮವರು ಅದನ್ನು ಮದುವೆಯ ಕರೆಯೋಲೆಯ ಮುಹೂರ್ತದಂತೆ ನೋಡುತ್ತಾರೆ: ಕೆಲವರು ಮೂರು ಗಂಟೆ ಮೊದಲೇ ಹಾಜರು, ಕೆಲವರು ಅಕ್ಷತೆ ಬೀಳುವ ಹೊತ್ತಿಗೆ ಓಡಿಬರುತ್ತಾರೆ. ಎರಡೂ ಸಲ್ಲದು. ಬೇಗ ಹೋದವರು ಪೆಟ್ಟಿಗೆಗಳನ್ನು ಸುತ್ತ ಇಟ್ಟುಕೊಂಡು, ನೀರೂ ನೆರಳೂ ಹೇಗೆ ದೊರೆಯುತ್ತದೋ ಹಾಗೆ ಕಾಯಬೇಕು. ಗೊತ್ತಾದ ಗಂಟೆಗೆ ಒಂದು ಕಾಲು ಗಂಟೆ ಮೊದಲು ಹೋದರೆ ಸಾಕು. ಗಂಟೆಯನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ, ವಯಸ್ಸಾದವರು ಮೊದಲ ಗುಂಪನ್ನೂ ಕೊನೆಯ ಗುಂಪನ್ನೂ ಬಿಟ್ಟು ನಡುವಿನದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೊದಲಿನದರಲ್ಲಿ ನೂಕುನುಗ್ಗಲು, ಕೊನೆಯದರಲ್ಲಿ ತಡವಾದರೆ ತಿದ್ದಿಕೊಳ್ಳಲು ಹೊತ್ತು ಉಳಿದಿರುವುದಿಲ್ಲ.

ಪೆಟ್ಟಿಗೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮುಂದೆ ಒಬ್ಬ ಹಿರಿಯ ದಂಪತಿಗಳಿದ್ದರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಏಳಕ್ಕೆ ಎರಡು ಇಡ್ಲಿ ತಿಂದವರು. ಹಡಗಿನಲ್ಲಿ ಭರ್ಜರಿ ಊಟವಿದೆ, ದುಡ್ಡು ಕೊಟ್ಟಾಗಿದೆ, ಹೊರಗೆ ಏಕೆ ತಿನ್ನಬೇಕು ಎಂಬುದು ಅವರ ತರ್ಕ. ಎರಡು ಗಂಟೆಯ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಮೂಡಿತು, ಕೈ ನಡುಗತೊಡಗಿತು. ಇನ್ಸುಲಿನ್ನೂ ಮಾತ್ರೆಗಳೂ ಗ್ಲುಕೋಸ್ ಪೊಟ್ಟಣವೂ ಇದ್ದ ಪೆಟ್ಟಿಗೆ ಅಷ್ಟರಲ್ಲಾಗಲೇ ಚೀಟಿ ಅಂಟಿಸಿಕೊಂಡು ಒಳಗೆ ಹೋಗಿಬಿಟ್ಟಿತ್ತು. ಆ ತಾಯಿ ಸಾಲಿನುದ್ದಕ್ಕೂ ನೋಡುತ್ತ, “ಯಾರ ಹತ್ತಿರವಾದರೂ ಒಂದು ಚೂರು ಸಕ್ಕರೆ ಇದೆಯೇನಪ್ಪಾ?” ಎಂದು ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಹಿಂದೆ ನಿಂತಿದ್ದ ಗುಜರಾತಿ ಮಗುವೊಂದರ ಕೈಯಲ್ಲಿದ್ದ ಪೆಪ್ಪರ್‌ಮಿಂಟ್ ಆ ಹೊತ್ತಿಗೆ ಒದಗಿತು. ಯಾರೋ ಹಣ್ಣಿನ ರಸ ತಂದುಕೊಟ್ಟರು. ಕಾಲು ಗಂಟೆಯಲ್ಲಿ ಯಜಮಾನರು ಚೇತರಿಸಿಕೊಂಡರು. ಅಂದು ಒಳ್ಳೆಯದೇ ಆಯಿತು, ಆಗದೆಯೂ ಇರಬಹುದಿತ್ತು.

ಆದ್ದರಿಂದ ಔಷಧ, ಗುರುತಿನ ಚೀಟಿ, ಕನ್ನಡಕ, ಒಂದು ಬದಲಿ ಬಟ್ಟೆ, ನಾಲ್ಕು ಬಿಸ್ಕತ್ತು ಇಷ್ಟನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಆ ಚೀಲವನ್ನು ಯಾರ ಕೈಗೂ ಕೊಡಬಾರದು. ಉಳಿದ ಸಾಮಾನು ಎಷ್ಟು ಕಡಿಮೆಯಾದರೆ ಅಷ್ಟು ಸುಖ. 1931ರ ಆಗಸ್ಟ್ 29ರಂದು ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆಂದು ಮುಂಬಯಿಯಿಂದ ‘ರಾಜಪುತಾನಾ’ ಹಡಗನ್ನೇರಿದಾಗ, ಸಂಗಡಿಗರು ತಂದಿದ್ದ ಪೆಟ್ಟಿಗೆಗಳ ರಾಶಿಯನ್ನು ಕಂಡು ಬೇಸರಪಟ್ಟು, ಹೆಚ್ಚಿನವನ್ನು ಏಡನ್ ಬಂದರಿನಿಂದ ಹಿಂದಕ್ಕೆ ಕಳುಹಿಸಿಬಿಟ್ಟರು. ನಮಗೆ ಏಡನ್ನಿನವರೆಗೆ ಕಾಯುವ ಅಗತ್ಯವಿಲ್ಲ. ಮನೆಯ ಹೊಸ್ತಿಲಲ್ಲೇ ಆ ಕೆಲಸ ಮಾಡಬಹುದು.

ಈಗ ಊಟದ ಪ್ರಶ್ನೆ. ನನ್ನ ಉತ್ತರ ಇಷ್ಟೆ: ಹಡಗು ಹತ್ತುವ ದಿನದ ಮಧ್ಯಾಹ್ನದ ಊಟವನ್ನು ನೆಲದ ಮೇಲೆ ಮುಗಿಸಬೇಕು. ಹೊಟ್ಟೆ ಬಿರಿಯುವಂತೆ ಬೇಡ, ಬರಿ ಹೊಟ್ಟೆಯೂ ಬೇಡ. ಹಡಗು ಓಲಾಡತೊಡಗಿದಾಗ ತುಂಬಿದ ಹೊಟ್ಟೆಗಿಂತ ಬರಿ ಹೊಟ್ಟೆಯೇ ವಾಸಿ ಎಂಬ ತಿಳಿವಳಿಕೆ ಅನೇಕರಿಗಿದೆ. ಅದು ಸರಿಯಲ್ಲ. ಬರಿದಾದ ಹೊಟ್ಟೆಯೂ ತೊಳಸುತ್ತದೆ. ಎಣ್ಣೆ ಜಿಡ್ಡಿನಿಂದ ತುಂಬಿದ ಹೊಟ್ಟೆಯೂ ತೊಳಸುತ್ತದೆ. ಓಕರಿಕೆಯ ಭಯವಿರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಓಕರಿಕೆ ಹತ್ತಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಂತೀತೆಂಬ ಭರವಸೆ ಇಲ್ಲ.

ಊಟಕ್ಕೆ ಬಲ್ಲಾರ್ಡ್ ಪಿಯರ್‌ನಷ್ಟು ಅನುಕೂಲವಾದ ಬಂದರು ಅಪರೂಪ. ಹೆಚ್ಚಿನ ದೊಡ್ಡ ಬಂದರುಗಳು ಊರಿನಿಂದ ದೂರ, ಗೋದಾಮುಗಳ ನಡುವೆ ಇರುತ್ತವೆ. ಇದು ಊರಿನ ನಡುಮನೆಯಲ್ಲೇ ಇದೆ. ಛತ್ರಪತಿ ಶಿವಾಜಿ ಟರ್ಮಿನಸ್‌ನಿಂದ ಬಂದರಿನ ಗ್ರೀನ್ ಗೇಟಿಗೆ ನಡೆದುಕೊಂಡೇ ಹೋಗಬಹುದು. ಆ ದಾರಿಯ ಬಲ್ಲಾರ್ಡ್ ಎಸ್ಟೇಟ್ ಎಂಬ ಬಡಾವಣೆ ಕೂಡ ಹಡಗುಗಳ ಕೃಪೆಯಿಂದಲೇ ಹುಟ್ಟಿದ್ದು. ಈಗ ಇಂದಿರಾ ಡಾಕ್ ಎನ್ನುವ, ಆಗಿನ ಅಲೆಕ್ಸಾಂಡ್ರಾ ಡಾಕ್‌ಗಾಗಿ ಅಗೆದ ಮಣ್ಣನ್ನು ಸುರಿದು ಕಡಲಿನಿಂದ ಪಡೆದ ನೆಲ ಅದು. 1908ರಿಂದ 1914ರವರೆಗೆ ಅಲ್ಲಿ ಎದ್ದ ಕಟ್ಟಡಗಳ ಅಂದಚೆಂದವನ್ನು ರೂಪಿಸಿದವರು ಗೇಟ್‌ವೇ ಆಫ್ ಇಂಡಿಯಾದ ಶಿಲ್ಪಿ ಜಾರ್ಜ್ ವಿಟೆಟ್. ಮರಗಳ ನೆರಳಿರುವ ಆ ಬೀದಿಗಳಲ್ಲಿ ಅರ್ಧ ಗಂಟೆ ಅಡ್ಡಾಡುವುದೇ ಒಂದು ಸುಖ.

ಮಾಂಸಾಹಾರದ ಅಭ್ಯಾಸವಿದ್ದವರಿಗೆ ಅಲ್ಲಿಯೇ ಬ್ರಿಟಾನಿಯಾ ಎಂಬ ಹಳೆಯ ಇರಾನಿ ಹೋಟೆಲಿದೆ, 1923ರಲ್ಲಿ ಆರಂಭವಾದದ್ದು. ಇರಾನಿನಿಂದ ತರಿಸಿದ ಹುಳಿಮಿಶ್ರಿತ ಸಣ್ಣ ಕೆಂಪು ಹಣ್ಣುಗಳನ್ನು ಉದುರಿಸಿದ ಬೆರಿ ಪುಲಾವು ಅಲ್ಲಿಯ ಖ್ಯಾತಿ. ಅದು ಮಧ್ಯಾಹ್ನದ ಊಟಕ್ಕೇ ಹೆಸರಾದ ಜಾಗ. ಆದ್ದರಿಂದ ಜನ ಸಾಲುಗಟ್ಟುವ ಮೊದಲೇ ಹೋಗಬೇಕು. ಪಾರ್ಸಿಗಳ ಇನ್ನೊಂದು ಪ್ರಸಿದ್ಧ ಅಡುಗೆ ಧನ್‌ಸಾಕ್. ಬೇಳೆ, ತರಕಾರಿ, ಮಾಂಸಗಳನ್ನು ಒಟ್ಟಿಗೆ ಬೇಯಿಸಿದ್ದು. ಸಾವಿನ ಮನೆಯಲ್ಲಿ ನಾಲ್ಕನೆಯ ದಿನಕ್ಕೆ ಅದು ಸಲ್ಲುವುದರಿಂದ ಮಂಗಳಕಾರ್ಯಗಳಲ್ಲಿ ಪಾರ್ಸಿಗಳು ಅದನ್ನು ಮಾಡುವುದಿಲ್ಲ. ನಮ್ಮಲ್ಲಿಯೂ ಪ್ರಯಾಣದ ದಿನ ಇಂಥದು ಬೇಡವೆನ್ನುವ ಅಜ್ಜಿಯಂದಿರಿದ್ದರು. ಅವರಿಗೆ ಈ ಮಾತು ಬೇಗ ಅರ್ಥವಾಗುತ್ತಿತ್ತು. ಹೆಚ್ಚು ಬೇಡವೆನ್ನುವವರಿಗೆ ಕೋಟೆ ಪ್ರದೇಶದ ಇರಾನಿ ಅಂಗಡಿಗಳ ಬನ್ನು, ಬೆಣ್ಣೆ, ಚಹಾ ಇದ್ದೇ ಇದೆ.

ಸಸ್ಯಾಹಾರಿಗಳಿಗೆ, ಅದರಲ್ಲೂ ನಮ್ಮ ಕಡೆಯವರಿಗೆ, ಕೋಟೆಯ ಓಣಿಗಳ ಉಡುಪಿ ಹೋಟೆಲುಗಳಿಗಿಂತ ಬೇರೆ ಆಸರೆ ಬೇಕಿಲ್ಲ. ಹಿಂದಿನ ದಿನವೇ ಬಂದವರಿಗೆ ಬಿಡುವಿದ್ದರೆ ಮಾಟುಂಗಾ ರೈಲು ನಿಲ್ದಾಣದ ಬಳಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನ ಬಾಳೆಲೆಯ ಊಟವೂ ಆಗಬಹುದು. ಹಡಗಿನ ದಿನ ಮಾತ್ರ ಅಷ್ಟು ದೂರ ಹೋಗಬೇಡಿ. ಬಂದರಿಗೆ ನಡೆಯಬಹುದಾದಷ್ಟು ಹತ್ತಿರದಲ್ಲೇ ಉಣ್ಣಿ. ಅನ್ನ, ತಿಳಿಸಾರು, ಮಜ್ಜಿಗೆ ಸಾಕು. ಈ ಹೋಟೆಲುಗಳಲ್ಲಿ ಕುಳಿತಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಕರಾವಳಿಯ ಹಳ್ಳಿಗಳಿಂದ ಬರಿಗೈಯಲ್ಲಿ ಬಂದ ಹುಡುಗರು ಇಂಥವೇ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅವರಲ್ಲಿ ಅನೇಕರು ಮುಂಬಯಿಗೆ ಬಂದದ್ದು ಹಡಗಿನಲ್ಲಿಯೇ. ವಿಹಾರದ ಹಡಗಲ್ಲ, ಹೊಟ್ಟೆಪಾಡಿನ ಹಡಗು.

ಆ ಹಡಗುಗಳ ಮಾತು ಬಂದುದರಿಂದ ಹೇಳುತ್ತೇನೆ. ಮಂಗಳೂರಿನಲ್ಲಿ ನಾವು ಧಕ್ಕೆ ಎನ್ನುವುದನ್ನೇ ಮುಂಬಯಿಯವರು ಧಕ್ಕಾ ಎನ್ನುತ್ತಾರೆ. ಬಲ್ಲಾರ್ಡ್ ಪಿಯರ್ ಸಾಹೇಬರದಾದರೆ, ಭಾವೂಚಾ ಧಕ್ಕಾ ಬಡವರದು. ಕೊಂಕಣದ ಸ್ಟೀಮರುಗಳು ಅಲ್ಲಿಂದ ಹೊರಡುತ್ತಿದ್ದವು. ‘ಕೊಂಕಣ್ ಸೇವಕ್’, ‘ಕೊಂಕಣ್ ಶಕ್ತಿ’ ಎಂಬ ಹಡಗುಗಳು 1980ರ ದಶಕದವರೆಗೂ ಪಣಜಿಗೆ ಹೋಗಿಬರುತ್ತಿದ್ದವು, ಮಳೆಗಾಲದಲ್ಲಿ ಬಂದ್. ಡೆಕ್ಕಿನ ಪ್ರಯಾಣಿಕರು ಮುಂಜಾನೆಯೇ ಬಂದು ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದರು. ಹಡಗು ದಡಕ್ಕೆ ಬಾರದ ಸಣ್ಣ ಬಂದರುಗಳಲ್ಲಿ ದೋಣಿಯಲ್ಲಿ ಹೋಗಿ ಏರಬೇಕಾಗಿತ್ತು. ಊಟವನ್ನು ಹಡಗು ಕೊಡುತ್ತದೆಂಬ ನೆಚ್ಚಿಕೆ ಅವರಿಗಿರಲಿಲ್ಲ. ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು: ಅವಲಕ್ಕಿ, ಬೆಲ್ಲ, ಚಪಾತಿ, ಒಣ ಚಟ್ನಿ, ಒಂದು ಹೂಜಿ ನೀರು. ಇಂದಿನ ವಿಹಾರ ನೌಕೆಗಳು ಮನೆಯ ಅಡುಗೆಯನ್ನು ಒಳಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಬುತ್ತಿಯನ್ನು ಬಾಗಿಲ ಹೊರಗೆ ಬಿಚ್ಚಬಾರದೆಂದು ಯಾರೂ ಹೇಳಿಲ್ಲ. ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಎರಡು ತುತ್ತು ಸಿಗಬೇಕೆಂಬುದು ಮುಖ್ಯ. ಅದು ಯಾವ ಹೋಟೆಲಿನದೆಂಬುದಲ್ಲ.

ಇಷ್ಟಾಗಿಯೂ ಹಡಗನ್ನೇರಿದ ಮೇಲೆಯೇ ಉಣ್ಣುವ ಮನಸ್ಸಿರುವವರಿಗೆ ಒಂದು ಸಲಹೆ. ಏರಿದ ಕೂಡಲೇ ಎಲ್ಲರೂ ಮೇಲಿನ ಡೆಕ್ಕಿನ ಬಫೆ ಊಟದ ಕಡೆಗೆ ಧಾವಿಸುತ್ತಾರೆ. ಕೈಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ತಟ್ಟೆ ಹಿಡಿದು, ಕೂರಲು ಜಾಗ ಹುಡುಕುವ ಆ ಜನಜಂಗುಳಿಯಲ್ಲಿ ಮೊಣಕಾಲು ನೋಯುವವರಿಗೆ ಸುಖವಿಲ್ಲ. ಹಲವು ಹಡಗುಗಳಲ್ಲಿ ಅದೇ ಹೊತ್ತಿಗೆ ಕೆಳಗಿನ ಡೆಕ್ಕಿನ ಮುಖ್ಯ ಭೋಜನಶಾಲೆಯಲ್ಲೂ ಕೂತು ಉಣ್ಣುವ ವ್ಯವಸ್ಥೆ ಇರುತ್ತದೆ. ಕೇಳಿ ತಿಳಿದುಕೊಳ್ಳಬೇಕು, ಅಷ್ಟೆ. ನಮಗೆ ಇದನ್ನು ಹೇಳಿದವನು ಕುಂದಾಪುರದ ಕಡೆಯ ಒಬ್ಬ ತರುಣ. ಬಫೆಯ ಮೇಜಿನ ಹಿಂದೆ ನಿಂತಿದ್ದವನು ನಮ್ಮ ಮಾತು ಕೇಳಿ, “ಅಮ್ಮಾ, ಇಲ್ಲಿ ನಿಲ್ಲಬೇಡಿ, ಕೆಳಗೆ ಹೋಗಿ, ಕೂರಿಸಿ ಬಡಿಸುತ್ತಾರೆ” ಎಂದ. ನನ್ನ ಮನೆಯವರು, “ನಿನ್ನ ಊಟ ಆಯಿತೇ ಮಗಾ?” ಎಂದು ವಾಡಿಕೆಯಂತೆ ಕೇಳಿದರು. ಅವನು ನಕ್ಕು, “ಹಡಗು ಹೊರಟ ಮೇಲೆ, ಅಮ್ಮಾ. ಇವತ್ತು ನಮಗೆ ಎರಡು ದಿನ ಸೇರಿ ಒಂದು ದಿನ” ಎಂದ. ಬಂದವರೂ ಹೋದವರೂ ಒಂದೇ ಹಗಲಿನಲ್ಲಿ ಸಂಧಿಸುವ ಈ ದಿನ ಹಡಗಿನ ಕೆಲಸಗಾರರಿಗೆ ಎಲ್ಲಕ್ಕಿಂತ ಕಠಿಣವಾದದ್ದು. ನಮ್ಮ ಕೋಣೆ ಅರ್ಧ ಗಂಟೆ ತಡವಾಯಿತೆಂದು ದನಿಯೇರಿಸುವ ಮೊದಲು ಇದು ನೆನಪಿನಲ್ಲಿರಬೇಕು. ನಮ್ಮ ಕರಾವಳಿಯಿಂದಲೂ ಗೋವೆಯಿಂದಲೂ ಇಂಥ ಎಷ್ಟೋ ತರುಣರು ಲೋಕದ ಹಡಗುಗಳಲ್ಲಿ ದುಡಿಯುತ್ತಿದ್ದಾರೆ.

ಇನ್ನು ಮೂರನೆಯ ಪ್ರಶ್ನೆ. ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ಉಣ್ಣಬೇಕು ಎಂದು ಎಲ್ಲರೂ ಕೇಳುತ್ತಾರೆ. ಆಪತ್ತು ಬಂದರೆ ಎಲ್ಲಿ ನಿಲ್ಲಬೇಕು ಎಂದು ಕೇಳುವವರು ಕಡಿಮೆ.

ಪ್ರತಿ ಹಡಗಿನಲ್ಲೂ ಪ್ರತಿಯೊಬ್ಬ ಪ್ರಯಾಣಿಕನಿಗೂ ಒಂದು ಕೂಡುವ ತಾಣವನ್ನು ನಿಗದಿ ಮಾಡಿರುತ್ತಾರೆ. ಏಳು ಸಣ್ಣ ಕೂಗು, ಒಂದು ನೀಳವಾದ ಕೂಗು ಕೇಳಿಸಿದರೆ ಅದು ಆಪತ್ತಿನ ಕರೆ. ಆಗ ಎಲ್ಲ ಬಿಟ್ಟು ಆ ತಾಣಕ್ಕೆ ಹೋಗಬೇಕು. ಅಲ್ಲಿಂದಲೇ ಜೀವರಕ್ಷಕ ದೋಣಿಗಳಿಗೆ ಕರೆದೊಯ್ಯುತ್ತಾರೆ. ಇದರ ಅಭ್ಯಾಸವನ್ನು ಹಡಗು ಹತ್ತುವ ದಿನವೇ ಮಾಡಿಸುತ್ತಾರೆ. 2020ರ ನಂತರ ಅನೇಕ ಹಡಗುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆಯುವುದನ್ನು ಬಿಟ್ಟು, ಪ್ರತಿಯೊಬ್ಬರೂ ಸೂಚನೆಗಳನ್ನು ನೋಡಿ ಕೇಳಿ, ತಮ್ಮ ತಾಣಕ್ಕೆ ಹೋಗಿ ಮುಖ ತೋರಿಸಿ ಬಂದರಾಯಿತೆಂದು ಮಾಡಿದ್ದಾರೆ. ಅನುಕೂಲವೇ ಸರಿ. ಆದರೆ ಅದರಿಂದಾಗಿ ಜನ ಇದನ್ನು ಊಟವಾದ ಮೇಲೆ, ನಿದ್ದೆಯಾದ ಮೇಲೆ, ಚಹಾ ಆದ ಮೇಲೆ ಎಂದು ಮುಂದೂಡುತ್ತಾರೆ. ಒಂದಿಬ್ಬರನ್ನು ಹೆಸರು ಕೂಗಿ ಕರೆಸಬೇಕಾದುದನ್ನು ನಾನೇ ಕೇಳಿದ್ದೇನೆ.

ಮುಂದೂಡುವುದು ಏಕೆ ಸಲ್ಲದೆಂಬುದಕ್ಕೆ ಒಂದೇ ನಿದರ್ಶನ ಸಾಕು. 2012ರ ಜನವರಿ 13ರ ಸಂಜೆ ಇಟಲಿಯ ಚಿವಿತಾವೆಕ್ಕಿಯಾ ಬಂದರಿನಿಂದ ‘ಕೋಸ್ತಾ ಕಾಂಕಾರ್ಡಿಯಾ’ ಎಂಬ ವಿಹಾರ ನೌಕೆ ಹೊರಟಿತು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಸುಮಾರು 700 ಮಂದಿ ಅಂದೇ ಆ ಬಂದರಿನಲ್ಲಿ ಹತ್ತಿದವರು. ಅಂದಿನ ನಿಯಮದಂತೆ, ಹತ್ತಿದ 24 ಗಂಟೆಗಳೊಳಗೆ ಅಭ್ಯಾಸ ಮಾಡಿಸಿದರೆ ಸಾಕಾಗಿತ್ತು. ಹೊಸಬರಿಗೆ ಮರುದಿನ ಮಾಡಿಸುವುದೆಂದು ಗೊತ್ತಾಗಿತ್ತು. ರಾತ್ರಿ ಒಂಬತ್ತೂ ಮುಕ್ಕಾಲರ ಹೊತ್ತಿಗೆ ಜಿಲ್ಯೊ ದ್ವೀಪದ ಬಳಿ ಹಡಗು ಬಂಡೆಗೆ ಬಡಿಯಿತು. ಅನೇಕರು ಆಗ ಭೋಜನಶಾಲೆಯಲ್ಲಿ ಊಟದ ಮೇಜಿನ ಮುಂದೆ ಕುಳಿತಿದ್ದರು. ತಟ್ಟೆ ಲೋಟಗಳು ಜಾರಿ ಬಿದ್ದವು, ದೀಪ ಆರಿತು. ಹಡಗು ಬಿಟ್ಟು ಹೋಗಬೇಕೆಂಬ ಆಜ್ಞೆ ಬರಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಅಷ್ಟು ಹೊತ್ತು, ಎಲ್ಲಿ ಹೋಗಿ ನಿಲ್ಲಬೇಕೆಂಬುದೇ ಆ ಹೊಸಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಟ್ಟು 32 ಮಂದಿ ಪ್ರಾಣ ಕಳೆದುಕೊಂಡರು. ಆ ಮೇಲೆ ಅಂತಾರಾಷ್ಟ್ರೀಯ ನಿಯಮವನ್ನೇ ತಿದ್ದಿದರು. 2015ರ ಜನವರಿ 1ರಿಂದ, ಹಡಗು ಹೊರಡುವ ಮೊದಲು ಇಲ್ಲವೆ ಹೊರಟ ಒಡನೆಯೇ ಈ ಅಭ್ಯಾಸ ನಡೆಯಬೇಕಾಗಿದೆ.

ದೂರದ ಇಟಲಿಯ ಮಾತೇಕೆ ಎನ್ನುವವರಿಗೆ ಮುಂಬಯಿಯದೇ ನೆನಪೊಂದಿದೆ. 1947ರ ಜುಲೈ 17ರಂದು ಭಾವೂಚಾ ಧಕ್ಕೆಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಎಂಬ ಸ್ಟೀಮರು ಮಳೆಗಾಲದ ಕಡಲಿನಲ್ಲಿ ಮಗುಚಿ 600ಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಅಮಾವಾಸ್ಯೆಯ ದಿನ. ಊರಿಗೆ ಹೋಗಿ ಹಬ್ಬ ಮಾಡಬೇಕೆಂದು ಹೊರಟವರು ಅದರಲ್ಲಿದ್ದರು. ಇಂದಿನ ಹಡಗುಗಳು ಅದಕ್ಕಿಂತ ಎಷ್ಟೋ ಪಾಲು ಭದ್ರವಾಗಿವೆ, ನಿಜ. ಆದರೂ ಅವು ತೇಲುವುದು ಅದೇ ಕಡಲಿನ ಮೇಲೆ.

ಇದನ್ನೆಲ್ಲ ಹೇಳಿದ್ದು ಯಾರನ್ನೂ ಹೆದರಿಸುವುದಕ್ಕಲ್ಲ. ಕಡಲ ವಿಹಾರ ನಿಜವಾಗಿಯೂ ಸುಖದ ಅನುಭವ. ಸಂಜೆಯ ಬಿಸಿಲಿನಲ್ಲಿ ಮುಂಬಯಿಯ ಗೋಪುರಗಳು ಹಿಂದಕ್ಕೆ ಸರಿಯುವುದನ್ನು ಡೆಕ್ಕಿನ ಕಂಬಿಗೆ ಒರಗಿ ನೋಡುವ ಆನಂದವನ್ನು ನಾನು ಬಲ್ಲೆ. ಆ ಹೊತ್ತಿನಲ್ಲಿ ಮನಸ್ಸು ನಿರಾಳವಾಗಿರಬೇಕಾದರೆ ಹಗಲಿನ ಕೆಲಸಗಳು ಕ್ರಮವಾಗಿ ಮುಗಿದಿರಬೇಕು. ಹಿಂದಿನ ದಿನವೇ ಊರು ಸೇರಿ, ಔಷಧದ ಚೀಲವನ್ನು ಕೈಯಲ್ಲಿಟ್ಟುಕೊಂಡು, ಕೋಟೆಯ ಯಾವುದಾದರೊಂದು ಹೋಟೆಲಿನಲ್ಲಿ ಹಗುರವಾಗಿ ಉಂಡು, ಗೊತ್ತಾದ ಗಂಟೆಗೆ ಬಂದರಿಗೆ ಹೋಗಿ. ಹಡಗನ್ನೇರಿದ ಮೇಲೆ ಮೊದಲು ಕೂಡುವ ತಾಣಕ್ಕೆ ನಡೆದುಹೋಗಿ, ದಾರಿಯಲ್ಲಿ ಎಷ್ಟು ಮೆಟ್ಟಿಲು, ಯಾವ ಕಡೆಗೆ ತಿರುವು ಎಂಬುದನ್ನು ಕಾಲಿಗೆ ಅಭ್ಯಾಸ ಮಾಡಿಸಿ. ಜೊತೆಗಿರುವ ಹಿರಿಯರನ್ನೂ ಕರೆದುಕೊಂಡು ಹೋಗಿ ತೋರಿಸಿ. ಕಾಲು ಗಂಟೆಯೂ ಹಿಡಿಯದು. ಹಡಗಿನ ಊಟ ಎಲ್ಲಿಗೂ ಹೋಗುವುದಿಲ್ಲ. ರಾತ್ರಿಯೂ ಇರುತ್ತದೆ, ನಾಳೆಯೂ ಇರುತ್ತದೆ.